ಹೆನ್ರಿ ಡ್ಯೂನಾಂಟನ ಚರಿತ್ರೆ

ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ಮನುಷ್ಯನನ್ನೂ ಅವನಿಗೆ ಉಪಕಾರ ಮಾಡಿದ ಸಮಾರ್ಯದವನನ್ನೂ ನಾವೆಲ್ಲರೂ ಬಲ್ಲೆವು. ಆ ಸಮಾರ್ಯದವನು ಕನಿಕರಪಟ್ಟನೆಂಬದನ್ನು ಅನೇಕ ಸಾರಿ ಕೇಳಿದ್ದೇವೆ. ಆದರೆ ಅವನ ಬಳಿಯಲ್ಲಿ ಎಣ್ಣೆಯೂ ದ್ರಾಕ್ಷಾರಸವೂ ಇದ್ದವು, ಹೊರುವದಕ್ಕೆ ಪಶುವಿತ್ತು, ಗಾಯ ಕಟ್ಟುವ ಬಗೆ ಅವನಿಗೆ ತಿಳಿದಿತ್ತು ಎಂಬದನ್ನು ನಾವು ಅಷ್ಟಾಗಿ ಯೋಚಿಸುವದಿಲ್ಲ. ಕನಿಕರವಿದ್ದರೆ ಸಾಲದು, ಸಿದ್ಧವಾದ ಕೈಯೂ ಬೇಕು. ಈ ಪಾಠವನ್ನು ಒಂದು ರಣರಂಗದ ಸಮೀಪದಲ್ಲಿ ಕಲಿತು ಲೋಕಕ್ಕೆಲ್ಲಾ ಕಲಿಸಿದ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಹೆನ್ರಿ ಡ್ಯೂನಾಂಟನು 1828ನೆಯ ಇಸವಿ ಮೇ 8ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ಪಟ್ಟಣದಲ್ಲಿ ಹುಟ್ಟಿದನು. ತಂದೆತಾಯಿಗಳು ದೈವಭಕ್ತರಾದ ಪ್ರೊಟೆಸ್ಟಂಟರು. ಬಡವರ ಮತ್ತು ರೋಗಿಗಳ ಮೇಲೆ ದಯೆಯುಳ್ಳವರು. ಯೌವನದಲ್ಲಿ ಈತನು ಗೆಳೆಯರೊಡನೆ ಕೂಡಿ ಜಿನೀವಾದಲ್ಲಿ ಕ್ರೈಸ್ತ ಯುವಕರ ಸಂಘವನ್ನು 1852ರಲ್ಲಿ ಸ್ಥಾಪಿಸಿದನು. ಜೀವನಕ್ಕಾಗಿ ವ್ಯಾಪಾರವನ್ನು ಹಿಡಿದು ಆಫ್ರಿಕಾ ಖಂಡದ ಅಲ್ಜೀರಿಯಾದಲ್ಲಿ ಹಿಟ್ಟಿನ ಗಿರಣಿಯ ಉದ್ಯೋಗವನ್ನು ಮಾಡುತ್ತಿದ್ದನು. ಆ ದೇಶವು ಫ್ರೆಂಚರ ಆಳಿಕೆಯಲ್ಲಿತ್ತು. ಗಿರಣಿಗೆ ಬೇಕಾದ ನೀರಿನ ಹಕ್ಕನ್ನು ಬೇಡಿಕೊಳ್ಳುವದಕ್ಕಾಗಿ ಈತನು ಫ್ರೆಂಚ್ ಚಕ್ರವರ್ತಿಯಾದ ಮೂರನೆಯ ನೆಪೋಲಿಯನನನ್ನು ಹುಡುಕುತ್ತಾ ಇಟಲಿ ದೇಶಕ್ಕೆ ಬಂದನು. ಯಾಕಂದರೆ ಚಕ್ರವರ್ತಿಯು ಆಗ ಅಲ್ಲಿ ಯುದ್ಧದಲ್ಲಿದ್ದನು.

1859ನೆಯ ಇಸವಿ ಜೂನ್ 24ರಲ್ಲಿ ಸೊಲ್ಫೆರಿನೋ ಎಂಬ ಊರಿನ ಬಳಿಯಲ್ಲಿ ಒಂದು ಕಡೆ ಫ್ರೆಂಚರೂ ಸಾರ್ಡಿನಿಯಾದವರೂ, ಮತ್ತೊಂದು ಕಡೆ ಆಸ್ಟ್ರಿಯದವರೂ ಎದುರಾಗಿ ಬೆಳಿಗ್ಗಿನಿಂದ ಸಾಯಂಕಾಲದ ವರೆಗೂ ಕಾದಾಡಿದರು. ಸುಮಾರು 3 ಲಕ್ಷ ಮಂದಿ ಕೂಡಿದ್ದ ಆ ರಣದಲ್ಲಿ ಸತ್ತವರೂ ಗಾಯಪಟ್ಟವರೂ ಹತ್ತಾರು ಸಾವಿರ. ಆ ದಿವಸವೇ ಡ್ಯೂನಾಂಟನು ಸಮೀಪದ ಕಸ್ತಿಲ್ಯೋನೆ ಪಟ್ಟಣವನ್ನು ಸೇರಿದನು. ಗಾಯಪಟ್ಟವರನ್ನು ಹೇರಿದ ಬಂಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮನೆಗಳೂ ದೇವಾಲಯಗಳೂ ಬೀದಿಗಳೂ ತುಂಬಿಹೋದವು. ದೊಡ್ಡ ದೇವಾಲಯವೊಂದರಲ್ಲಿಯೇ ಸುಮಾರು 500 ಮಂದಿ ಬಿದ್ದುಕೊಂಡಿದ್ದರು. ವೈದ್ಯರೋ ಬೆರಳಿನಲ್ಲಿ ಎಣಿಸುವಷ್ಟು ಮಾತ್ರ.

ಅಲ್ಲಿ ಈತನು ಕಂಡದ್ದನ್ನು ನಾವು ಗಮನವಿಟ್ಟು ಯೋಚಿಸಬೇಕು. ಊರಿನಲ್ಲಿ ನೀರಿತ್ತು, ಆಹಾರವಿತ್ತು. ಆದರೂ ಜನರು ಹಸಿವೆಬಾಯಾರಿಕೆಗಳಿಂದ ಸಾಯುತ್ತಿದ್ದರು. ಗಾಯಕ್ಕಿಡುವ ಅರಿವೆನೂಲು ರಾಶಿಯಾಗಿತ್ತು. ಇಟ್ಟು ಕಟ್ಟುವ ಕೈಗಳು ಸಾಲಲಿಲ್ಲ.

ಡ್ಯೂನಾಂಟನು ವೈದ್ಯನಲ್ಲ, ಸಿಪಾಯಿಯಲ್ಲ. ಆದರೂ ತನ್ನ ವ್ಯಾಪಾರದ ಚಿಂತೆಯನ್ನು ಬದಿಗಿಟ್ಟು, ಊರಿನ ಹೆಂಗಸರನ್ನು ಕೂಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸವನ್ನು ಹಂಚಿದನು. ಹುಡುಗರು ಕೊಡಗಳಲ್ಲಿ ನೀರು ತಂದರು. ಹೆಂಗಸರು ಗಾಯ ತೊಳೆದರು. ಈತನು ತನ್ನ ಗಾಡಿಯವನನ್ನು ಬ್ರೆಷಿಯಾ ಪಟ್ಟಣಕ್ಕೆ ಕಳುಹಿಸಿ ಅಂಗಿಗಳನ್ನೂ ನಿಂಬೆಹಣ್ಣುಗಳನ್ನೂ ಬೇರೆ ಸಾಮಾನುಗಳನ್ನೂ ತರಿಸಿದನು. ಪ್ರಯಾಣದಲ್ಲಿದ್ದ ಒಬ್ಬ ವರ್ತಕನು ಎರಡು ದಿವಸ ನಿಂತು ಗಾಯಗಳನ್ನು ಕಟ್ಟಿ, ಸಾಯುವವರ ಮನೆಗಳಿಗೆ ಕಾಗದ ಬರೆದುಕೊಟ್ಟನು. ಗಾಯಪಟ್ಟವನು ಮಿತ್ರನೋ ಶತ್ರುವೋ ಎಂದು ಆ ಹೆಂಗಸರು ಕೇಳಲಿಲ್ಲ. ಎಲ್ಲರೂ ಸಹೋದರರೆಂದು ತಿಳಿದು ಸಮವಾಗಿ ಉಪಚರಿಸಿದರು. ಆದರೆ ಕೆಲವು ದಿವಸಗಳಾದ ಮೇಲೆ ಅನೇಕರು ದಣಿದುಹೋದರು. ಕೆಲವರು ನೋಟವನ್ನು ತಾಳಲಾರದೆ ಬಿಟ್ಟುಹೋದರು. ಅವರಿಗೆ ಪ್ರೀತಿಯು ಕಡಿಮೆಯಾಗಿತ್ತೆಂದಲ್ಲ. ಅಭ್ಯಾಸವೂ ಕ್ರಮವೂ ಇರಲಿಲ್ಲ.

ಡ್ಯೂನಾಂಟನು ಊರಿಗೆ ಹಿಂದಿರುಗಿ 1862ರಲ್ಲಿ ಸೊಲ್ಫೆರಿನೋವಿನ ವಿಷಯವಾಗಿ ಒಂದು ಪುಸ್ತಕವನ್ನು ಬರೆದು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದನು. ಸಮಾಧಾನದ ಕಾಲದಲ್ಲಿಯೇ ಎಲ್ಲಾ ದೇಶಗಳಲ್ಲಿ ಸ್ವಇಚ್ಛೆಯಿಂದ ಸೇವೆಮಾಡುವವರ ಸಂಘಗಳನ್ನು ಕೂಡಿಸಿ, ಗಾಯಪಟ್ಟವರನ್ನು ಉಪಚರಿಸುವದಕ್ಕೆ ಅವರನ್ನು ಸಿದ್ಧಮಾಡಬೇಕೆಂಬದೇ ಅದರ ಸಾರವು. ಜಿನೀವಾದ ಐದು ಮಂದಿ 1863ನೆಯ ಫೆಬ್ರವರಿಯಲ್ಲಿ ಕೂಡಿಬಂದರು; ಡ್ಯೂನಾಂಟನು ಅವರಲ್ಲೊಬ್ಬನು. ಇದರಿಂದಲೇ ರೆಡ್ ಕ್ರಾಸ್ ಸಂಸ್ಥೆಯು ಹುಟ್ಟಿತು. 1864ನೆಯ ಆಗಸ್ಟ್ 22ರಲ್ಲಿ 12 ರಾಜ್ಯಗಳು ಒಂದು ಒಡಂಬಡಿಕೆಗೆ ರುಜುಹಾಕಿ, ಗಾಯಪಟ್ಟವರನ್ನೂ ಅವರ ಸೇವಕರನ್ನೂ ಯುದ್ಧದಲ್ಲಿ ಕಾಪಾಡುವದಾಗಿ ಒಪ್ಪಿಕೊಂಡವು. ಬಿಳಿಯ ಬಟ್ಟೆಯ ಮೇಲಿನ ಕೆಂಪು ಶಿಲುಬೆಯು ಆ ಸೇವೆಗೆ ಗುರುತಾಯಿತು.

ಹೀಗಿರಲಾಗಿ ಈತನ ಸ್ವಂತ ಬಾಳು ಕೆಟ್ಟುಹೋಯಿತು. ಪರರ ಕೆಲಸದಲ್ಲಿ ಮುಳುಗಿ ತನ್ನ ವ್ಯಾಪಾರವನ್ನು ಸರಿಯಾಗಿ ನೋಡಲಿಲ್ಲ. 1867ರಲ್ಲಿ ದಿವಾಳಿಯಾದನು, ನಂಬಿ ಹಣವಿಟ್ಟ ಅನೇಕರಿಗೂ ನಷ್ಟವಾಯಿತು. ನ್ಯಾಯಸ್ಥಾನವು ಈತನನ್ನು ತಪ್ಪಿತಸ್ಥನೆಂದು ತೀರ್ಪುಮಾಡಿತು. ಈ ದೋಷವನ್ನು ನಾವು ಮರೆಮಾಡುವದಿಲ್ಲ. ಈತನು ಸಂಸ್ಥೆಯ ಸ್ಥಾನವನ್ನು ಕಳೆದುಕೊಂಡು ಜಿನೀವಾವನ್ನು ಬಿಟ್ಟು ಹೋದನು. ಬದುಕಿರುವ ವರೆಗೆ ತಿರಿಗಿ ಅಲ್ಲಿಗೆ ಬರಲಿಲ್ಲ. ಊರೂರು ಅಲೆದು, ಹಳೆಯ ಕೋಟಿನ ಬಣ್ಣ ಹೋದಲ್ಲಿ ಮಸಿಯನ್ನು ಬಳಿದುಕೊಳ್ಳುವಷ್ಟು ಬಡತನಕ್ಕೆ ಇಳಿದನು. ಕೊನೆಗೆ ಹೈಡನ್ ಎಂಬ ಬೆಟ್ಟದ ಹಳ್ಳಿಯನ್ನು ಸೇರಿ, 1892ರಿಂದ ಅಲ್ಲಿಯ ಆಸ್ಪತ್ರೆಯಲ್ಲಿ ವಾಸಮಾಡಿದನು. 1895ರಲ್ಲಿ ಒಬ್ಬ ಪತ್ರಿಕಾಕರ್ತನು ಈತನ ವಿಷಯವನ್ನು ಬರೆದ ಮೇಲೆಯೇ ಈತನು ಇನ್ನೂ ಬದುಕಿದ್ದಾನೆಂದು ಲೋಕವು ತಿಳಿಯಿತು. 1901ರಲ್ಲಿ ನೊಬೆಲ್ ಶಾಂತಿ ಬಹುಮಾನವನ್ನು ಮೊಟ್ಟಮೊದಲು ಕೊಟ್ಟಾಗ ಈತನಿಗೂ ಫ್ರಾನ್ಸಿನ ಫ್ರೆಡೆರಿಕ್ ಪಾಸಿ ಎಂಬವನಿಗೂ ಹಂಚಿಕೊಟ್ಟರು. ಆ ಹಣ ಬಂದ ಮೇಲೂ ಈತನು ಆಸ್ಪತ್ರೆಯ ಕೋಣೆಯಲ್ಲಿಯೇ ಇದ್ದು, ಆ ಹಳ್ಳಿಯ ಬಡರೋಗಿಗಳಿಗಾಗಿ ಒಂದು ಧರ್ಮದ ಹಾಸಿಗೆಯು ಇರಬೇಕೆಂದು ಮರಣಪತ್ರದಲ್ಲಿ ಬರೆಯಿಸಿ, 1910ನೆಯ ಅಕ್ಟೋಬರ್ 30ರಲ್ಲಿ ತೀರಿಕೊಂಡನು.

ಬಿತ್ತಿದವನು ಬಡವನಾದರೂ ಬೀಜವು ಕೆಡಲಿಲ್ಲ. ಪ್ರವಾಹ, ಬೆಂಕಿ, ಸಾಂಕ್ರಾಮಿಕ ರೋಗ ಇವುಗಳಲ್ಲಿಯೂ ಇಂಥ ಸಂಘಗಳು ಉಪಯೋಗವಾಗುವವೆಂದು ಡ್ಯೂನಾಂಟನು ಮೊದಲೇ ಕಂಡಿದ್ದನು. 1882ರಲ್ಲಿ ಜರ್ಮನಿಯ ಕೀಲ್ ಪಟ್ಟಣದಲ್ಲಿ ಎಸ್ಮಾರ್ಕ್ ಎಂಬ ಶಸ್ತ್ರವೈದ್ಯನು ಸಾಧಾರಣ ಜನರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸುವ ಸಂಘವನ್ನು ಕೂಡಿಸಿ, ಅದಕ್ಕೆ ಸಮಾರ್ಯದವನ ಹೆಸರನ್ನೇ ಇಟ್ಟನು. ನಮ್ಮ ದೇಶದಲ್ಲಿ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯು 1920ರ ಕಾಯಿದೆಯಿಂದ ಸ್ಥಾಪಿತವಾಯಿತು.

ಪ್ರಿಯರೇ, ರಣರಂಗವು ನಮಗೆ ದೂರವಿರಬಹುದು, ಅಪಾಯವು ದೂರವಿಲ್ಲ. ತೆಂಗಿನ ಮರದಿಂದ ಬೀಳುವವರೂ ಬಾವಿಯಲ್ಲಿ ಮುಳುಗುವವರೂ ಹಾವು ಕಚ್ಚಿಸಿಕೊಳ್ಳುವವರೂ ನಮ್ಮ ನೆರೆಯವರೇ. ಆಗ ಸುತ್ತಲೂ ನಿಂತು ಅಳುವವರು ಬಹಳ. ಕೈಹಾಕಲು ಬಲ್ಲವರು ಕೆಲವರು. ರಕ್ತ ಸುರಿಯುವ ಗಾಯಕ್ಕೆ ಶುಚಿಯಾದ ಬಟ್ಟೆಯನ್ನಿಟ್ಟು ಬಿಗಿಯಾಗಿ ಒತ್ತಿಹಿಡಿಯುವದು, ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ ಅಲುಗದಂತೆ ಹೊರುವದು, ಹಾವು ಕಚ್ಚಿದ ಸ್ಥಳವನ್ನು ಕೊಯ್ಯದೆ ಹೀರದೆ, ಕಚ್ಚಿಸಿಕೊಂಡವನನ್ನು ನಡೆಯಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯುವದು, ಇವೆಲ್ಲಾ ಓದು ಬಾರದವರೂ ಕಲಿಯಬಹುದಾದ ಕೆಲಸಗಳು. ಪ್ರತಿ ಊರಿನಲ್ಲಿ ನಾಲ್ಕಾರು ಯುವಕರೂ ಹೆಂಗಸರೂ ಬಲ್ಲವರಿಂದ ಇವುಗಳನ್ನು ಕಲಿತು, ಮರೆಯದಂತೆ ಆಗಾಗ್ಗೆ ಅಭ್ಯಾಸಮಾಡಲಿ. ಕನಿಕರವು ಗಾಯವನ್ನು ಕಂಡಾಗ ಹುಟ್ಟುತ್ತದೆ. ಕೈಯನ್ನಾದರೋ ಅದಕ್ಕೆ ಮುಂಚೆಯೇ ಸಿದ್ಧಮಾಡಿಕೊಂಡಿರಬೇಕು.