ಕೆ. ವಿ. ಅಯ್ಯರ್

ಕೋಲಾರ ವೆಂಕಟೇಶ ಅಯ್ಯರ್ (ನಿಧನ: ೧೯೮೦) ಕರ್ನಾಟಕದ ಪ್ರಸಿದ್ಧ ಅಂಗಸಾಧಕರು, ವ್ಯಾಯಾಮ ಶಿಕ್ಷಕರು ಹಾಗೂ ಕನ್ನಡದ ಕಾದಂಬರಿಕಾರರು. ‘ಪ್ರೊಫೆಸರ್ ಕೆ. ವಿ. ಅಯ್ಯರ್’ ಎಂದೇ ಹೆಸರಾಗಿದ್ದ ಇವರು ಬಾರ್‌ಬೆಲ್, ಡಂಬ್‌ಬೆಲ್‌ಗಳ ಭಾರಸಾಧನೆಯನ್ನು ಹಠಯೋಗದೊಂದಿಗೆ ಬೆಸೆದು ತಮ್ಮದೇ ಆದ ವ್ಯಾಯಾಮ ಪದ್ಧತಿಯೊಂದನ್ನು ರೂಪಿಸಿದರು.

ಹಿನ್ನೆಲೆ

ಅಯ್ಯರ್ ಅವರು ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಜನಿಸಿದರು. ಆಗಿನ ಮೈಸೂರು ಸಂಸ್ಥಾನದಲ್ಲಿ ದೇಹಬಲದ ಸಾಧನೆಗೆ ಗರಡಿಮನೆಯೇ ಮುಖ್ಯ ನೆಲೆಯಾಗಿತ್ತು. ಮೈಸೂರು, ನಂಜನಗೂಡು, ತಿ. ನರಸೀಪುರ ಸೀಮೆಯ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಗುಂಡುಕಲ್ಲು ಎತ್ತಿ ಕುಸ್ತಿಗೆ ಸಿದ್ಧರಾಗುತ್ತಿದ್ದರು. ಮುಷ್ಟಿಯುದ್ಧಕ್ಕೆ ಹತ್ತಿರವಾದ ಕಲೆಯೆಂದರೆ ದಸರೆಯಲ್ಲಿ ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ. ಎದುರಾಳಿಯ ತಲೆಯಿಂದ ಮೊದಲು ರಕ್ತ ಬರಿಸಿದವನಿಗೆ ಜಯ ಸಲ್ಲುವ ಈ ಕಾಳಗದಲ್ಲಿ ಬಲದಷ್ಟೇ ಚುರುಕುತನವೂ ಅಗತ್ಯ.

ವ್ಯಾಯಾಮ ಪದ್ಧತಿ

೧೯೦೪-೦೫ರಲ್ಲಿ ಯುಜೀನ್ ಸ್ಯಾಂಡೊ ಭಾರತದಲ್ಲಿ ಪ್ರವಾಸ ಮಾಡಿದ ಬಳಿಕ ಡಂಬ್‌ಬೆಲ್ ಸಾಧನೆ ವಿದ್ಯಾವಂತ ಯುವಕರನ್ನು ಸೆಳೆಯಿತು. ಆದರೆ ಭಾರ ಎತ್ತಿದವರ ಮಾಂಸಖಂಡಗಳು ಬಿಗಿದು ಮೈ ಮಂದವಾಗುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಪಶ್ಚಿಮದಲ್ಲಿ ಬಾಕ್ಸಿಂಗ್ ತರಬೇತುದಾರರು ಇದೇ ಕಾರಣದಿಂದ ತಮ್ಮ ಶಿಷ್ಯರನ್ನು ಬಾರ್‌ಬೆಲ್‌ಗಳಿಂದ ದೂರವಿಡುತ್ತಿದ್ದರು. ಅಯ್ಯರ್ ಅವರ ಪದ್ಧತಿಯಲ್ಲಿ ಭಾರಸಾಧನೆ ಒಂಟಿಯಾಗಿರಲಿಲ್ಲ. ಮಾಂಸಖಂಡಗಳ ಬೆಳವಣಿಗೆಗೆ ಬಾರ್‌ಬೆಲ್, ಮೈಯ ಬಾಗುವಿಕೆಗೂ ಒಳಾಂಗಗಳ ಆರೋಗ್ಯಕ್ಕೂ ಆಸನಗಳು ಮತ್ತು ಸೂರ್ಯನಮಸ್ಕಾರ ಎಂಬುದು ಅದರ ಸಾರವಾಗಿತ್ತು. ಯೋಗಾಚಾರ್ಯ ಸುಂದರಂ ಅವರ ಒಡನಾಟ ಇದಕ್ಕೆ ನೆರವಾಯಿತು.

ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಗ್ರೀಕ್ ಶಿಲ್ಪಗಳನ್ನು ನೆನಪಿಸುವ ಭಂಗಿಗಳ ಅವರ ಛಾಯಾಚಿತ್ರಗಳು ವಿದೇಶಿ ಪತ್ರಿಕೆಗಳಲ್ಲಿಯೂ ಪ್ರಕಟವಾದವು. ‘ಮಸಲ್ ಕಲ್ಟ್’ (೧೯೩೦), ‘ಪರ್ಫೆಕ್ಟ್ ಫಿಸೀಕ್’ (೧೯೩೬) ಮತ್ತು ‘ಸೂರ್ಯನಮಸ್ಕಾರ್’ (೧೯೩೭) ಅವರ ಇಂಗ್ಲಿಷ್ ಕೃತಿಗಳು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ, ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯ ಸಮೀಪದಲ್ಲಿಯೇ, ಅವರ ಶಿಷ್ಯರೊಬ್ಬರು ವ್ಯಾಯಾಮ ಕಲಿಸುತ್ತಿದ್ದರು.

ನಂತರದ ಬೆಳವಣಿಗೆ

ಭಾರಸಾಧನೆಯಿಂದ ಮೈ ಮಂದವಾಗುತ್ತದೆ ಎಂಬ ನಂಬಿಕೆಯನ್ನು ೧೯೫೧ರಲ್ಲಿ ಪ್ರಕಟವಾದ ಜೋರ್ಬಾಸ್ ಮತ್ತು ಕಾರ್ಪೊವಿಚ್ ಅವರ ಅಧ್ಯಯನ ಅಲುಗಿಸಿತು. ಅಮೆರಿಕದಲ್ಲಿ ೬೦೦ ಪುರುಷರ ತೋಳಿನ ಚಲನೆಯ ವೇಗವನ್ನು ಅಳೆದಾಗ, ಭಾರ ಎತ್ತುವ ೩೦೦ ಮಂದಿ ಉಳಿದವರಿಗಿಂತ ಚುರುಕಾಗಿದ್ದುದು ಕಂಡುಬಂದಿತು. ೧೯೮೫ರಲ್ಲಿ ಮೈಕೆಲ್ ಸ್ಪಿಂಕ್ಸ್ ಭಾರಸಾಧನೆಯನ್ನೂ ಒಳಗೊಂಡ ತಯಾರಿಯಿಂದ ಮೈತೂಕ ಹೆಚ್ಚಿಸಿಕೊಂಡು, ಹೆವಿವೇಟ್ ಬಾಕ್ಸರ್ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದರು. ಆದರೂ ಭಾರಸಾಧನೆ ಗುದ್ದಿನ ಅಭ್ಯಾಸಕ್ಕೆ ಬದಲಿಯಲ್ಲ. ಬಾಕ್ಸಿಂಗ್‌ನಲ್ಲಿ ತೂಕದ ವರ್ಗಗಳಿರುವುದರಿಂದ ಬೇಡದ ಮೈತೂಕ ಹೊರೆಯೂ ಆಗಬಲ್ಲದು. ಅಯ್ಯರ್ ಅವರು ಬಾಕ್ಸರ್‌ಗಳಿಗಾಗಿ ಪದ್ಧತಿ ರೂಪಿಸಿದವರಲ್ಲ. ಆದರೆ ಬಲ ಮತ್ತು ಬಾಗುವಿಕೆಗಳನ್ನು ಒಟ್ಟಿಗೆ ಸಾಧಿಸಬೇಕೆಂಬ ಅವರ ಕ್ರಮ ಇಂದಿನ ಕ್ರೀಡಾ ತರಬೇತಿಯಲ್ಲಿ ಸಾಮಾನ್ಯವಾಗಿದೆ.

ಸಾಹಿತ್ಯ

ಅಯ್ಯರ್ ಅವರು ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತರಾಗಿದ್ದು, ‘ಕೈಲಾಸಂ ಸ್ಮರಣೆ’ಯನ್ನು ಬರೆದರು. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’ ಹಾಗೂ ಶಿಲ್ಪಿ ಮೈಕೆಲೇಂಜೆಲೊನನ್ನು ಒಳಗೊಂಡ ‘ರೂಪದರ್ಶಿ’ ಅವರ ಜನಪ್ರಿಯ ಕಾದಂಬರಿಗಳು.