ನೆವಿಲ್ ಮಾಟ್

ಮಾಟ್ ಹುಟ್ಟಿದ್ದು 1905ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಹತ್ತು ವರ್ಷದವರೆಗೆ ಮನೆಯಲ್ಲಿ ತಾಯಿಯೇ ಪಾಠ ಹೇಳಿದರು. ಪಿಎಚ್.ಡಿ. ಪದವಿ ಇಲ್ಲದೆಯೇ 1933ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು.

1937ರಲ್ಲಿ ಅಲ್ಲಿ ನಡೆದ ಸಭೆಯೊಂದರಲ್ಲಿ ಡಿ ಬೋರ್, ಫೆರ್ವೇ ಎಂಬವರು ಒಂದು ತೊಡಕನ್ನು ಮುಂದಿಟ್ಟರು. ಅಂದಿನ ಸಿದ್ಧಾಂತದಂತೆ ನಿಕಲ್ ಆಕ್ಸೈಡ್ ವಿದ್ಯುದ್ವಾಹಕವಾಗಬೇಕು. ಆದರೆ ಅದು ಅವಾಹಕ! ಆ ಸಿದ್ಧಾಂತ ಪ್ರತಿ ಎಲೆಕ್ಟ್ರಾನನ್ನೂ ಒಂಟಿಯೆಂದೇ ಎಣಿಸಿತ್ತು. ಅವು ಒಂದನ್ನೊಂದು ವಿಕರ್ಷಿಸುವುದೇ ಕಾರಣವಿರಬೇಕೆಂದು ಪೈಯರ್ಲ್ಸ್ ಸೂಚಿಸಿದರು. ಮಾಟ್ ಆ ಎಳೆ ಹಿಡಿದು 1949ರಲ್ಲಿ ವಿವರವಾಗಿ ಬರೆದರು.

ತರಗತಿಯಲ್ಲಿ ಇದನ್ನು ಕುರ್ಚಿಗಳಿಂದಲೇ ತೋರಿಸಬಹುದು. ಕುರ್ಚಿಗೊಬ್ಬರಂತೆ ಮಕ್ಕಳನ್ನು ಕೂರಿಸಿ, ಒಂದರಲ್ಲಿ ಇಬ್ಬರು ಕೂರಬಾರದೆನ್ನಿ. ಯಾರೂ ಕದಲಲಾರರು: ಇದೇ ಮಾಟ್ ಅವಾಹಕ. ನಾಲ್ಕು ಮಕ್ಕಳನ್ನು ಹೊರಗೆ ಕಳಿಸಿ ನೋಡಿ, ಓಡಾಟ ಶುರುವಾಗುತ್ತದೆ. (ಗದ್ದಲವೂ!)

ಮಾಟ್‌ಗೆ 1977ರಲ್ಲಿ ನೊಬೆಲ್ ಬಂತು. 1986ರಲ್ಲಿ ಬೆಡ್ನೋರ್ಜ್, ಮುಲ್ಲರ್ ಇಬ್ಬರೂ ತಾಮ್ರದ ಆಕ್ಸೈಡುಗಳಲ್ಲಿ ಅಧಿಕ ತಾಪದ ಅತಿವಾಹಕತೆಯನ್ನು ಕಂಡರು. ಅವುಗಳ ಮೂಲವಸ್ತು ಮಾಟ್ ಅವಾಹಕವೇ. ಕೆಲವು ಎಲೆಕ್ಟ್ರಾನುಗಳನ್ನು ತೆಗೆದಾಗ ಅತಿವಾಹಕವಾಗುತ್ತದೆ. ಏಕೆ? ಎಂಬತ್ತು ದಾಟಿದ್ದ ಮಾಟ್ ಮತ್ತೆ ಲೇಖನಿ ಹಿಡಿದರು. 1996ರಲ್ಲಿ ಅವರು ತೀರಿಕೊಂಡಾಗಲೂ ಆ ಪ್ರಶ್ನೆ ಬಗೆಹರಿದಿರಲಿಲ್ಲ.