ಹೊರಗೆ ಕಾಣದ ರಕ್ತಸ್ರಾವ: ಡಾ. ಟೇಟ್ ಕಲಿತ ಪಾಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೋದರಿಯರೇ, ಮುಟ್ಟು ತಪ್ಪಿದ ಹೊತ್ತಿನಲ್ಲಿ ದಿಢೀರನೆ ಕೆಳಹೊಟ್ಟೆ ನೋವು ಬಂದರೆ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಮಲಗ್ತೀರಾ? ಹಾಗಾದ್ರೆ ಡಾ. ಲಾಸನ್ ಟೇಟ್ ಅವರ ಬದುಕನ್ನು ನೀವು ತಿಳಿಯಲೇಬೇಕು.

1845ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಟೇಟ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಹಿಳಾ ಆಸ್ಪತ್ರೆಯ ಹೆಸರಾಂತ ಸರ್ಜನ್. ಗರ್ಭಕೋಶದಲ್ಲಿ ಬೆಳೆಯಬೇಕಾದ ಭ್ರೂಣ ಗರ್ಭನಾಳದಲ್ಲೇ ಕೂತರೆ, ನಾಳ ಒಡೆದು ರಕ್ತ ಹೊಟ್ಟೆಯೊಳಗೇ ಹರಿಯುತ್ತೆ. ಆಗೆಲ್ಲ ವೈದ್ಯರು ಸುಮ್ಮನೆ ಕಾಯುತ್ತಿದ್ದರು, ಬಹಳಷ್ಟು ಹೆಂಗಸರು ಸಾಯುತ್ತಿದ್ದರು. 1881ರಲ್ಲಿ ಇಂಥ ರೋಗಿಗೆ ಆಪರೇಷನ್ ಮಾಡಿ ಅಂತ ಇನ್ನೊಬ್ಬ ಡಾಕ್ಟರು ಕೇಳಿದಾಗ ಟೇಟ್ ಒಪ್ಪಲಿಲ್ಲ. ಆಕೆ ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ ಒಡೆದ ಜಾಗ ನೋಡಿದಾಗಲೇ, ಅಲ್ಲಿ ದಾರ ಕಟ್ಟಿದ್ದರೆ ರಕ್ತ ನಿಲ್ಲುತ್ತಿತ್ತು ಅನ್ನೋದು ಅವರಿಗೆ ಹೊಳೆದದ್ದು.

1883ರ ಜನವರಿಯಲ್ಲಿ ಮೊದಲ ಸಲ ಹೊಟ್ಟೆ ತೆರೆದರು, ರೋಗಿ ಉಳಿಯಲಿಲ್ಲ. ಟೇಟ್ ಎದೆಗುಂದಲಿಲ್ಲ. ಮಾರ್ಚ್‌ನಲ್ಲಿ ಇನ್ನೊಬ್ಬಾಕೆಗೆ ರಕ್ತ ಸೋರುವ ಜಾಗ ಕಟ್ಟಿ ನಾಳ ತೆಗೆದರು, ಆಕೆ ಬದುಕಿದಳು. ಮುಂದೆ ಹತ್ತಾರು ಹೆಂಗಸರು ಅವರ ಕೈಯಲ್ಲಿ ಉಳಿದರು. 1899ರಲ್ಲಿ ಟೇಟ್ ತೀರಿಕೊಂಡರು.

ಅವರ ಕಾಲದಲ್ಲಿ ಸ್ಕ್ಯಾನಿಂಗ್ ಇರಲಿಲ್ಲ. ಈಗ ಗರ್ಭ ಪರೀಕ್ಷೆಯ ಜೊತೆ ಸ್ಕ್ಯಾನ್ ಮಾಡಿ, ಹೊಟ್ಟೆಯಲ್ಲಿ ರಕ್ತ ನಿಂತಿದೆಯಾ ಅಂತ ನಿಮಿಷಗಳಲ್ಲಿ ನೋಡಬಹುದು. ಆದರೆ ಒಂದು ಮಾತು ನೆನಪಿರಲಿ. ಹೊರಗೆ ರಕ್ತ ಸ್ವಲ್ಪವೇ ಹೋದರೂ ಒಳಗೆ ಲೀಟರ್‌ಗಟ್ಟಲೆ ಸೋರಿರಬಹುದು. ಮೊದಲ ಗಂಟೆಗಳಲ್ಲಿ ಹಿಮೋಗ್ಲೋಬಿನ್ ಸರಿಯಾಗೇ ಕಾಣಬಹುದು, ಯಾಕಂದ್ರೆ ಉಳಿದ ರಕ್ತ ಇನ್ನೂ ತೆಳುವಾಗಿರೋದಿಲ್ಲ. ಗಟ್ಟಿ ಮೈಯವರಲ್ಲಿ ಬಿ.ಪಿ. ಕೂಡ ಕಡೆಯವರೆಗೆ ನಿಲ್ಲುತ್ತೆ, ಆಮೇಲೆ ಒಮ್ಮೆಲೇ ಕುಸಿಯುತ್ತೆ. ಅದಕ್ಕೇ ಡಾಕ್ಟರು ನಾಡಿಮಿಡಿತವನ್ನು ಪದೇ ಪದೇ ನೋಡ್ತಾರೆ.

ನೀವು ಗಮನಿಸಬೇಕಾದ್ದು ಇಷ್ಟು: ಒಂದು ಪಕ್ಕದ ಹೊಟ್ಟೆನೋವು, ಎದ್ದು ನಿಂತರೆ ತಲೆಸುತ್ತು, ಮೈ ತಣ್ಣಗೆ ಬೆವರುವುದು, ಬಿಳಿಚಿದ ಮುಖ, ಭುಜದ ತುದಿಯಲ್ಲಿ ನೋವು. ಹೊಟ್ಟೆಯ ರಕ್ತ ವಪೆಗೆ ತಾಗಿದಾಗ ಭುಜ ನೋಯುತ್ತೆ.

ಇವು ಕಂಡರೆ ಬೆಳಗಾಗಲಿ, ಯಜಮಾನರು ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಪರೇಷನ್ ಮತ್ತು ರಕ್ತ ಎರಡೂ ಸಿಗುವ ಆಸ್ಪತ್ರೆಗೇ ಹೋಗಿ, ಅದು ಬೆಳಗಾವಿಯಾಗಲಿ, ಕಾಗವಾಡದವರಿಗೆ ಹತ್ತಿರದ ಮಿರಜ್ ಆಗಲಿ. ಮುಟ್ಟು ತಪ್ಪಿದ್ದನ್ನು ಸಂಕೋಚಪಡದೆ ಮೊದಲೇ ಹೇಳಿ. ಕಾಯ್ದದ್ದು ತಪ್ಪಾಯಿತು ಅಂತ ಟೇಟ್ ಕಲಿಯಲು ಒಂದು ಜೀವ ಹೋಯಿತು, ನಮ್ಮ ಮನೆಯಲ್ಲಿ ಹಾಗಾಗೋದು ಬೇಡ, ಅಲ್ವಾ?